ಶಿಶುಗೀತೆಯಲ್ಲಿ ಕಾರ್ಯಕಾರಣ ವಿವೇಕ

ಶಾಲೆಗೆ ಸೇರುವ ಮುನ್ನ ಮಗುವಿಗೆ ಎಷ್ಟು ಪದಗಳು ತಿಳಿದಿರಬೇಕೆಂಬ ವಿಚಾರವು ಈಚೆಗೆ ಬಹುವಾಗಿ ಚರ್ಚಿತವಾಗುತ್ತಿದೆ. ಎಣಿಕೆಗೆ ಸುಲಭವಾಗಿ ದೊರೆಯುವುವು ನಾಮಪದಗಳು. ಆದುದರಿಂದಲೇ ಅವುಗಳಿಗೆ ಅಗ್ರಸ್ಥಾನ. ನಮ್ಮ ಅಕ್ಷರಮಾಲೆಯ ಪಟವನ್ನೇ ನೋಡಬಹುದು. ಅರಸನ ಪಕ್ಕದಲ್ಲಿ ಆನೆ, ಆನೆಯ ಪಕ್ಕದಲ್ಲಿ ಇಲಿ. ಅರಸನಿಗೆ ಆನೆಯು ಏಕೆ ಬೇಕಾಯಿತೆಂಬುದನ್ನು ಪಟವು ತಿಳಿಸದು. (ಅರಸರ ಹೆಸರುಗಳನ್ನು ಸಾಲಾಗಿ ಒಪ್ಪಿಸಿ, ರಾಜ್ಯವು ಏಕೆ ಅಳಿಯಿತೆಂದು ಕೇಳಿದರೆ ಮೌನ ತಾಳುವ ಬಿ. ಎ. ವಿದ್ಯಾರ್ಥಿಗಳನ್ನು ವರ್ಷವರ್ಷವೂ ಕಾಣುವ ನಮಗೆ ಈ ಪಟವು ಅಷ್ಟೇನೂ ನಿರುಪದ್ರವಿಯೆಂದು ತೋರುವುದಿಲ್ಲ.)

ಚಿತ್ರ ಬರೆದು ತೋರಿಸಲಾಗದ ಪದಗಳೂ ಭಾಷೆಯಲ್ಲಿ ಉಂಟು: 'ಏಕೆ', 'ಆದ್ದರಿಂದ', 'ಆಮೇಲೆ', 'ಹಾಗಾದರೆ'. 'ಬಂದರೆ', 'ಬಿದ್ದರೆ' ಎಂಬ ರೂಪಗಳೂ ಈ ವರ್ಗಕ್ಕೇ ಸೇರತಕ್ಕವು. ಆಲೋಚನೆಯು ಒಂದು ವಿಷಯದಿಂದ ಮತ್ತೊಂದಕ್ಕೆ ದಾಟುವುದು ಇವುಗಳ ಮೂಲಕವೇ. ಇವನ್ನು ಮಗುವಿಗೆ ಕಲಿಸುವುದೆಂತು? 1979ರಲ್ಲಿ ಗತಿಸಿದ ಜಿ. ಪಿ. ರಾಜರತ್ನಂ ಅವರ ಶಿಶುಗೀತೆಗಳಲ್ಲಿ ಇದಕ್ಕೆ ಉತ್ತರವಿದೆಯೆಂದು ನಮ್ಮ ಅಭಿಪ್ರಾಯ.

ನಾಯಿಮರಿಯೊಡನೆ ನಡೆಯುವ ಸಂವಾದದ ಪದ್ಯವನ್ನು ಅರಿಯದ ಕನ್ನಡಿಗರು ವಿರಳ. ಅದರ ರಚನೆಯನ್ನು ಗಮನಿಸಿದವರು ಮಾತ್ರ ಇನ್ನೂ ವಿರಳ. ಮೊದಲು ಮರಿಗೆ ತಿಂಡಿ ಬೇಕೇ ಎಂಬ ಪ್ರಶ್ನೆ. ಬೇಕೆಂದ ಮಾತ್ರಕ್ಕೆ ತಿಂಡಿ ದೊರೆಯದು. ಏಕೆ ಬೇಕೆಂದು ಮರಿಯು ಕಾರಣ ಕೊಡಬೇಕು. ತಿಂದು ಗಟ್ಟಿಯಾಗಿ ಮನೆ ಕಾಯುವೆನೆಂಬುದು ಆ ಕಾರಣ. ಅಷ್ಟಕ್ಕೂ ಬಿಡದೆ, ಕಳ್ಳನು ಬಂದರೇನು ಮಾಡುವೆಯೆಂಬ ಮೂರನೆಯ ಪ್ರಶ್ನೆ ಬರುತ್ತದೆ. ಇಲ್ಲಿ ಕಳ್ಳನು ಬಂದಿಲ್ಲ; ಬಂದನೆಂದು ಭಾವಿಸಿ ಉತ್ತರಿಸಬೇಕು. ಇಚ್ಛೆಯಿಂದ ಕಾರಣಕ್ಕೆ, ಕಾರಣದಿಂದ ಊಹೆಗೆ ನಾಲ್ಕು ವರ್ಷದ ಮಗುವನ್ನು ಆಯಾಸವಿಲ್ಲದೆ ಕರೆದೊಯ್ಯುವ ಈ ಪದ್ಯದಲ್ಲಿ ಕಠಿಣಪದವೊಂದೂ ಇಲ್ಲ.

ಆದರೆ ಇದನ್ನು ಹೇಳಿಸುವ ಕ್ರಮವೇನು? ಇಡೀ ತರಗತಿಯು ಪ್ರಶ್ನೆಯನ್ನೂ ಉತ್ತರವನ್ನೂ ಒಂದೇ ಕಂಠದಿಂದ ಕೂಗುತ್ತದೆ. ಕೇಳುವವನೇ ಹೇಳುವವನಾದ ಮೇಲೆ ಪ್ರಶ್ನೆಯು ಪ್ರಶ್ನೆಯಾಗಿ ಉಳಿಯುವುದಿಲ್ಲ. ಕೈಬಾಯಿಗಳ ಅಭಿನಯಕ್ಕೆ ಬಹುಮಾನ ಕೊಟ್ಟು ಕಳುಹಿಸುವ ವಾರ್ಷಿಕೋತ್ಸವಗಳಲ್ಲಂತೂ ಮರಿಯು ಬೇರೊಂದು ಕಾರಣ ಕೊಡಬಹುದಿತ್ತೆಂದು ಯಾರಿಗೂ ಹೊಳೆಯದು. ಮಕ್ಕಳನ್ನು ಎರಡು ಗುಂಪು ಮಾಡಿ, ಮರಿಯ ಗುಂಪಿಗೆ ಹೊಸ ಉತ್ತರ ಕಟ್ಟುವ ಸ್ವಾತಂತ್ರ್ಯವಿತ್ತರೆ ಪದ್ಯವು ಮರಳಿ ಸಂವಾದವಾದೀತು. ಪ್ರಾಸ ಕೆಟ್ಟರೆ ಕೆಡಲಿ.

'ತುತ್ತೂರಿ'ಯ ವಿಷಯದಲ್ಲಿ ನಮ್ಮ ಮೆಚ್ಚಿಕೆಗೆ ಮಿತಿಯುಂಟು. ತಗಡಿನ ವಾದ್ಯವು ನೀರಿಗೆ ಜಾರಿತು, ಒಳಗೆ ನೀರು ಸೇರಿತು, ಸ್ವರವು ಕಟ್ಟಿತು. ಕಾರ್ಯಕಾರಣಗಳ ಈ ಸರಪಣಿಯು ನಿರ್ದುಷ್ಟವಾಗಿದೆ. ಕೊನೆಯಲ್ಲಿ ಕವಿಯು ಜಂಬವನ್ನು ಮುಂದಿಟ್ಟು ಹುಡುಗನನ್ನು ಹಂಗಿಸುತ್ತಾರೆ. ತುತ್ತೂರಿ ಕೆಟ್ಟದ್ದು ನೀರಿನಿಂದಲೋ ಜಂಬದಿಂದಲೋ? ಜಂಬದ ಅನಂತರ ಆದುದೆಲ್ಲವೂ ಜಂಬದಿಂದಲೇ ಆಯಿತೆನ್ನುವುದು ಇತಿಹಾಸದಲ್ಲಿಯೂ ಒಪ್ಪತಕ್ಕ ತರ್ಕವಲ್ಲ. ಉಪಾಧ್ಯಾಯರು ನೀತಿಯ ಕಡೆಗೆ ಧಾವಿಸದೆ ನೀರಿನ ಬಳಿ ತುಸು ನಿಲ್ಲಬೇಕು.

ಮನೆಯಲ್ಲಿ ತೆಲುಗು, ತಮಿಳು, ಉರ್ದು, ಹಿಂದಿಗಳನ್ನಾಡುವ ಮಕ್ಕಳೂ ಕನ್ನಡ ಕಲಿಯುವ ಬೆಂಗಳೂರಿನ ಉತ್ತರದ ಅಂಚಿನಲ್ಲಿ ಈ ಸಂವಾದಕ್ರಮವು ವಿಶೇಷವಾಗಿ ಉಪಯುಕ್ತ. ಅರಸನನ್ನಾಗಲಿ ಆನೆಯನ್ನಾಗಲಿ ಹುಡುಕಿ ಹೋಗಬೇಕಾದುದಿಲ್ಲ. ಸೋಲದೇವನಹಳ್ಳಿಯ ಮಗುವಿಗೆ ನೀರಿನ ಕಥೆಯೇ ಸಾಕು. ಅರ್ಕಾವತಿಯ ನೀರು ಹೆಸರಘಟ್ಟದ ಕೆರೆಯಿಂದ ಕಾಲುವೆಯಲ್ಲಿ ಹರಿದು ಈ ಊರಿಗೆ ಬಂದು, ಇಲ್ಲಿಂದ ಯಂತ್ರಬಲದಿಂದ ಮೇಲೇರಿ ಬೆಂಗಳೂರನ್ನು ಸೇರುವ ವ್ಯವಸ್ಥೆಯು 1896ರಲ್ಲಿ ಆರಂಭವಾಯಿತು. ನಾಯಿಮರಿಯ ಪದ್ಯದ ಮೂರು ಮೆಟ್ಟಿಲುಗಳೂ ಇದರಲ್ಲಿವೆ. ಪಟ್ಟಣಕ್ಕೆ ಏನು ಬೇಕು? ಇಲ್ಲಿಯವರೆಗೆ ತಾನೇ ಹರಿದು ಬಂದ ನೀರಿಗೆ ಮುಂದೆ ಯಂತ್ರವೇಕೆ ಬೇಕಾಯಿತು? ಕೆರೆ ಬತ್ತಿದರೇನು ಮಾಡುವುದು? ಕೊನೆಯ ಪ್ರಶ್ನೆಯನ್ನು ಬೆಂಗಳೂರೇ ಕೇಳಿಕೊಳ್ಳಬೇಕಾಯಿತು. 1933ರಲ್ಲಿ ಅದೇ ಅರ್ಕಾವತಿಗೆ ತಿಪ್ಪಗೊಂಡನಹಳ್ಳಿಯಲ್ಲಿ ಕಟ್ಟಿದ ಜಲಾಶಯವು ಅದಕ್ಕೆ ಕೊಟ್ಟ ಉತ್ತರ. ಮಕ್ಕಳು ಬೇರೆ ಉತ್ತರಗಳನ್ನು ಕೊಟ್ಟಾರು. ಅವನ್ನು ಕರಿಹಲಗೆಯ ಮೇಲೆ ಬರೆದಿಡತಕ್ಕದ್ದು.