ಇಮಾಮಸಾಬನಿಗೂ ಹುಸೇನಪ್ಪನಿಗೂ ಏನು ಸಂಬಂಧ?

ಮಸ್ಕಿಯ ಬಂಡೆಯ ಮೇಲಿರುವ ಅಶೋಕನ ಶಾಸನದ ಬಗ್ಗೆ ನಮ್ಮ ಶಾಲಾ ಮಕ್ಕಳಿಗೂ ಗೊತ್ತು. ಚಿನ್ನದ ಗಣಿಯ ಇಂಜಿನಿಯರ್ ಸಿ. ಬೀಡನ್ 1915ರಲ್ಲಿ ಅದನ್ನು ಗುರುತಿಸುವ ಮೊದಲು ದೊರೆತಿದ್ದ ಶಾಸನಗಳಲ್ಲಿ ಅರಸನ ಬಿರುದು ಮಾತ್ರ ಇತ್ತು. ಮಸ್ಕಿಯ ಕಲ್ಲು 'ದೇವಾನಂಪಿಯ' ಎಂಬ ಬಿರುದಿನ ಪಕ್ಕದಲ್ಲೇ 'ಅಸೋಕ' ಎಂಬ ಹೆಸರನ್ನೂ ಹೇಳಿತು. ದೇವರುಗಳಿಗೆ ಪ್ರಿಯನಾದವನು ಯಾರೆಂಬ ಪ್ರಶ್ನೆ ಅಲ್ಲಿಗೆ ಬಗೆಹರಿಯಿತು.

ಆದರೆ ಆ ಬಿರುದಿಗೆ ಮುಂದೇನಾಯಿತು ಎಂಬುದನ್ನು ಪಠ್ಯಪುಸ್ತಕ ಹೇಳುವುದಿಲ್ಲ. ಸಂಸ್ಕೃತ ವ್ಯಾಕರಣ ಪರಂಪರೆಯಲ್ಲಿ 'ದೇವಾನಾಂಪ್ರಿಯ' ಎಂಬ ಮಾತಿಗೆ 'ಮೂರ್ಖ' ಎಂಬ ಅರ್ಥ ಬಂತು. ಭಟ್ಟೋಜಿ ದೀಕ್ಷಿತರ 'ಸಿದ್ಧಾಂತ ಕೌಮುದಿ' ಅದನ್ನು ದಾಖಲಿಸಿದೆ. ಚಕ್ರವರ್ತಿಯ ಬಿರುದು ಪಂಡಿತರ ಬಾಯಲ್ಲಿ ಬೈಗುಳವಾಯಿತು. ಮಾತಿನ ಅರ್ಥ ಕಲ್ಲಿನ ಮೇಲೆ ಕೆತ್ತಿದರೂ ಉಳಿಯುವುದಿಲ್ಲ. ಆಡುವವರ ಮನಸ್ಸಿನಲ್ಲಿ ಗೌರವ ಇರುವತನಕ ಮಾತ್ರ ಅದು ಉಳಿಯುತ್ತದೆ.

ಇದೇ ಗತಿ ನಮ್ಮ ಕಣ್ಣೆದುರಿನ ಇನ್ನೊಂದು ಮಾತಿಗೂ ಬಂದಿದೆ. ಅರಬ್ಬಿಯಲ್ಲಿ 'ಸಾಹಿಬ್' ಎಂದರೆ ಸಂಗಾತಿ. ಪ್ರವಾದಿಯವರ ಸಂಗಾತಿಗಳಿಗೆ 'ಸಹಾಬಾ' ಎನ್ನುವುದು ಇದೇ ಮೂಲದಿಂದ. ಹಿಂದೂಸ್ತಾನಕ್ಕೆ ಬಂದಾಗ ಆ ಮಾತು ಒಡೆಯನಾಯಿತು, ಅಧಿಕಾರಿಯಾಯಿತು. ಕನ್ನಡದಲ್ಲಿ ಒಂದು ಕಡೆ 'ಸಾಹೇಬ' ಆಗಿ ಕುರ್ಚಿಯ ಮೇಲೆ ಕೂತಿತು. ಇನ್ನೊಂದು ಕಡೆ 'ಸಾಬ' ಆಗಿ ಬೀದಿಗಿಳಿಯಿತು. ಲಿಂಗಸುಗೂರಿನ ಸಂತೆಯಲ್ಲಿ 'ಬರ್ರೀ ಸಾಬ್ರೆ, ಆರಾಮದೀರೇನ್ರೀ' ಎಂದು ಕರೆದರೆ ಅದರಲ್ಲಿ ನೆರೆಹೊರೆಯ ಪ್ರೀತಿಯಿದೆ. 'ಸಾಬ' ಎಂದಷ್ಟೇ ಅಂದರೆ ಅದು ಜಾತಿಯ ಗುರುತು. 'ಸಾಬಿ' ಎಂದರೆ ಜಗಳಕ್ಕೆ ಆಹ್ವಾನ. ಕೊನೆಯ ಅಕ್ಷರದ ವ್ಯತ್ಯಾಸವನ್ನು ನಮ್ಮ ಮಕ್ಕಳು ವ್ಯಾಕರಣ ಕಲಿಯುವ ಮೊದಲೇ ಕಲಿತಿರುತ್ತಾರೆ.

ಇದು ಒಂದು ಸಮುದಾಯದ ದೂರು ಎಂದು ಯಾರೂ ತಿಳಿಯಬೇಕಾಗಿಲ್ಲ. ಒಳ್ಳೆಯ ಮಾತನ್ನು ಅಡ್ಡ ಅರ್ಥಕ್ಕೆ ಎಳೆಯುವುದು ಎಲ್ಲ ಭಾಷೆಗಳ ಸ್ವಭಾವ. 'ಸಲಾಂ' ಎಂದರೆ ಶಾಂತಿ; ಕನ್ನಡದಲ್ಲಿ 'ಸಲಾಮು ಹೊಡೆಯುವುದು' ಎಂದರೆ ಗುಲಾಮಗಿರಿ. 'ನಿನಗೊಂದು ದೊಡ್ಡ ನಮಸ್ಕಾರ' ಎಂದರೆ ನಿನ್ನ ಸಹವಾಸ ಸಾಕು ಎಂದರ್ಥ. ವಾಡಿಕೆ ಎಂಬ ಅರ್ಥದ 'ಮಾಮೂಲು' ಕಚೇರಿಗಳಲ್ಲಿ ಲಂಚವಾಗಿದೆ. ಅರಬ್ಬಿಯಲ್ಲಿ ಪರದೇಶಿ ಎನಿಸಿಕೊಂಡಿದ್ದ 'ಗರೀಬ' ನಮ್ಮಲ್ಲಿ ಬಡವನಾದ. ಇವುಗಳಲ್ಲಿ ಬಹುಪಾಲು ಮಾತುಗಳು ನಿಜಾಮರ ಆಡಳಿತದಲ್ಲಿ ಕಚೇರಿ ಭಾಷೆಯಾಗಿದ್ದ ಉರ್ದುವಿನಿಂದ ಬಂದವೆಂದು ನಮ್ಮ ಕಡೆಯ ಜನ ಭಾವಿಸಿದ್ದಾರೆ. ಆದರೆ 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರುವ ಬಹಳ ಮೊದಲೇ ಇವು ಇಡೀ ಕನ್ನಡ ನಾಡಿನ ಸ್ವಂತ ಮಾತುಗಳಾಗಿದ್ದವು. ಉತ್ತರ ಕರ್ನಾಟಕದ ಪ್ರತಿ ಮನೆಯ ಕುಶಲಪ್ರಶ್ನೆಯಲ್ಲಿರುವ 'ಆರಾಮ' ಫಾರಸಿ ಪದ. ಅದರ ಧರ್ಮ ಯಾವುದೆಂದು ಯಾರೂ ಕೇಳಿಲ್ಲ.

ಸಿಂಧನೂರಿನಲ್ಲಿ ಇಂಗ್ಲಿಷಿನ ಒಂದು ಪದವೂ ಇದೇ ರೀತಿ ವೇಷ ಬದಲಿಸಿದೆ. ಬೇರೆ ಕಡೆ 'ಕ್ಯಾಂಪ್' ಎಂದರೆ ನಾಲ್ಕು ದಿನದ ಬಿಡಾರ. ಇಲ್ಲಿ ಕ್ಯಾಂಪ್ ಎಂದರೆ ಊರು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದಾಗ ಆಂಧ್ರದ ರೈತರು ಬಂದು ನೆಲೆಸಿದ್ದು ಕ್ಯಾಂಪುಗಳಲ್ಲಿ. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೆ ಸರ್ಕಾರ ಕೊಟ್ಟದ್ದು ಆರ್.ಎಚ್. ಕ್ಯಾಂಪ್ ಒಂದು, ಎರಡು ಎಂಬ ಸಂಖ್ಯೆಗಳ ಊರುಗಳನ್ನು. ಮಕ್ಕಳು ಮೊಮ್ಮಕ್ಕಳಾದರೂ ಅವು ಕ್ಯಾಂಪುಗಳೇ. 'ಕ್ಯಾಂಪಿನವರು' ಎಂದಾಗ ಮೊದಲ ಗುಂಪಿನ ಬಗ್ಗೆ ಅಸೂಯೆ, ಎರಡನೆಯದರ ಬಗ್ಗೆ ಮರುಕ. ಬಜಾರಿನಲ್ಲಿ 'ಬಾಂಗ್ಲಾದವರು' ಎಂದರೆ ಆ ಕ್ಯಾಂಪುಗಳ ಬಂಗಾಲಿಗಳು, ಬಹುತೇಕ ಹಿಂದೂಗಳು, ಅಷ್ಟೆ, ಅದೊಂದು ವಿಳಾಸ. ಅದೇ ಮಾತು ಟಿ.ವಿ. ಚರ್ಚೆಗಳಲ್ಲಿ ಬೇರೊಂದು ಧರ್ಮದವರ ಮೇಲಿನ ಆರೋಪ. ವಿಳಾಸವೊಂದು ಆರೋಪವಾಗಲು ಸಿಂಧನೂರಿನಿಂದ ಬೆಂಗಳೂರಿನ ಸ್ಟುಡಿಯೊದವರೆಗಿನ ದೂರ ಸಾಕು.

ಹೆಸರುಗಳ ಕಥೆ ಇದಕ್ಕೆ ಉಲ್ಟಾ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಮೊಹರಮ್ಮಿಗೆ ಸುತ್ತಲಿನ ಎಲ್ಲ ಜಾತಿಯ ಜನ ಸೇರುತ್ತಾರೆ. ಅಲಾಯಿ ದೇವರಿಗೆ ಹರಕೆ ಹೊತ್ತು ಹುಟ್ಟಿದ ಮಕ್ಕಳು ಹುಸೇನಪ್ಪ, ಹುಸೇನಮ್ಮ, ಫಕೀರಪ್ಪ ಆಗುತ್ತಾರೆ. ಕರ್ಬಲಾದ ಹುತಾತ್ಮನ ಹೆಸರಿಗೆ ಕನ್ನಡದ 'ಅಪ್ಪ' ಸೇರಿದಾಗ ಯಾವ ಪಂಡಿತನೂ ಸಂಧಿ ಬಿಡಿಸಲು ಕೂರಲಿಲ್ಲ. 'ಇಮಾಮಸಾಬನಿಗೂ ಗೋಕುಲಾಷ್ಟಮಿಗೂ ಏನು ಸಂಬಂಧ' ಎಂಬ ಗಾದೆಯನ್ನು ಕನ್ನಡಿಗರು ಎರಡನೆಯ ಯೋಚನೆಯಿಲ್ಲದೆ ಬಳಸುತ್ತಾರೆ. ಸಂಬಂಧವೇ ಇಲ್ಲ ಎಂಬುದು ಆ ಗಾದೆಯ ನಂಬಿಕೆ. ಇಮಾಮಸಾಬನಿಗೂ ಹುಸೇನಪ್ಪನಿಗೂ ಏನು ಸಂಬಂಧ ಎಂದು ಮುದಗಲ್ಲಿನಲ್ಲಿ ಕೇಳಿದರೆ, ಕೇಳಿದವನನ್ನೇ ಜನ ವಿಚಿತ್ರವಾಗಿ ನೋಡಿಯಾರು.

ನಮ್ಮ ಕಥೆ, ಸಿನಿಮಾಗಳ ಬಗ್ಗೆ ನನ್ನ ತಕರಾರು ಇರುವುದು ಇಲ್ಲಿಯೇ. ಸಿನಿಮಾದ ಸಾಬ ಇಂದಿಗೂ 'ನಮ್ದೂಕೆ ನಿಮ್ದೂಕೆ' ಎನ್ನುತ್ತಾನೆ. ಸಿಂಧನೂರಿನ ಪಂಕ್ಚರ್ ಅಂಗಡಿಯವನು 'ಹೊಂಟೀನ್ರಿ, ಬರ್ತೀನ್ರಿ' ಎನ್ನುತ್ತಾನೆ. ಮನೆಯಲ್ಲಿ ಅವನು ಆಡುವುದು ಉರ್ದು ಶಾಲೆಯ ಉರ್ದುವಲ್ಲ, 'ನಕ್ಕೊ' 'ಹೌ' ಎನ್ನುವ ದಖನಿ. ಕ್ಯಾಂಪಿನ ಗಿರಾಕಿ ಬಂದರೆ ತೆಲುಗು. ಮೂರು ಭಾಷೆಗಳನ್ನು ಹದವರಿತು ಆಡುವ ಈ ಮನುಷ್ಯನನ್ನು ಒಂದು ಭಾಷೆಯೂ ಬಾರದವನಂತೆ ತೋರಿಸುವುದು ಹಾಸ್ಯವಲ್ಲ, ಅಜ್ಞಾನ. ಕರಾವಳಿಯ ಮುಸ್ಲಿಮರ ಮಾತು ಬೊಳುವಾರು ಮಹಮದ್ ಕುಂಞಿ, ಸಾರಾ ಅಬೂಬಕ್ಕರ್ ಅವರ ಬರಹಗಳ ಮೂಲಕ ಕನ್ನಡಕ್ಕೆ ಘನತೆಯಿಂದ ಬಂತು. 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಪಡೆದ ಬಾನು ಮುಷ್ತಾಕ್ ಅವರ ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದಾಗ ಕನ್ನಡ, ಉರ್ದು ಮಾತುಗಳನ್ನು ಓರೆ ಅಕ್ಷರದಲ್ಲಿ ಬೇರ್ಪಡಿಸಲಿಲ್ಲ, ಅಡಿಟಿಪ್ಪಣಿ ಹಾಕಲಿಲ್ಲ. ಪರಭಾಷೆಯ ಓದುಗರು ಅವನ್ನು ಹಾಗೆಯೇ ಒಪ್ಪಿಕೊಂಡರು. ನಮ್ಮ ಮೂರು ಊರುಗಳ ಮಾತಿಗೆ ಸ್ವಂತ ಭಾಷೆಯ ಪುಟದಲ್ಲಿ ಅಷ್ಟು ಜಾಗ ಸಿಗಬಾರದೇ?

ಬಿದ್ದ ಮಾತು ಏಳುವುದೇ ಇಲ್ಲವೆಂದಲ್ಲ. ಅರಬ್ಬಿಯ 'ರಯ್ಯತ್' ಎಂದರೆ ಕಾಯಬೇಕಾದ ಮಂದೆ, ಆಳಿಸಿಕೊಳ್ಳುವ ಪ್ರಜೆ. ಅದೇ ನಮ್ಮ 'ರೈತ'. 1980ರಲ್ಲಿ ರಾಜ್ಯ ರೈತ ಸಂಘ ಹುಟ್ಟಿದ ಮೇಲೆ ಆ ಮಾತಿನ ಬೆನ್ನು ಇನ್ನಷ್ಟು ನೆಟ್ಟಗಾಯಿತು. ಮಂದೆ ಎನಿಸಿಕೊಂಡವರು ಹಸಿರು ಶಾಲು ಹೊದ್ದು ಆ ಹೆಸರನ್ನೇ ಅಧಿಕಾರಿಗಳ ಮುಂದೆ ಹೇಳಿಕೊಂಡರು. ನಿಘಂಟು ಬರೆಯುವವರು ಅವರ ಹಿಂದೆ ಹೋಗಬೇಕಾಯಿತು. 'ಸಾಬ'ನಿಗೆ ಸಂಗಾತಿಯ ಅರ್ಥ ಮರಳಿ ಬರಬೇಕಾದರೆ ಅವನು ಒಬ್ಬನೇ ಎದ್ದು ನಿಂತರೆ ಸಾಲದು, ಸಂಗಾತಿ ಎಂದು ಕರೆಯುವವರೂ ಬೇಕು. ಲಿಂಗಸುಗೂರಿನ ಸಂತೆಯಲ್ಲಿ ಅಂಥವರು ಇದ್ದಾರೆ. ಕನ್ನಡದ ಲೇಖಕರು ಅವರ ಮಾತನ್ನು ಕೇಳಿಸಿಕೊಂಡು ಬರೆದರೆ ಸಾಕು.