ಸಿರಿಗೆ ಹೋಮರನ ಅಳತೆಗೋಲು ಬೇಡ

ತುಳುವರ ಹಾಡುಗಥೆಯಾದ ಸಿರಿ ಪಾಡ್ದನವನ್ನು ‘ತುಳುನಾಡಿನ ಇಲಿಯಡ್’ ಎಂದು ಹೊಗಳುವ ರೂಢಿ ನಮ್ಮಲ್ಲಿದೆ. ಉಜಿರೆ ಕಡೆಯ ಮಾಚಾರಿನ ಗೋಪಾಲ ನಾಯ್ಕರು ಈ ಕಥೆಯನ್ನು 1990ರ ಡಿಸೆಂಬರಿನಲ್ಲಿ ಹೇಳಿದರು. ಫಿನ್ಲೆಂಡಿನ ಲೌರಿ ಹೊಂಕೊ, ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡರ ತಂಡ ದಾಖಲಿಸಿಕೊಂಡಿತು. ಅದು 15,683 ಸಾಲು, ಇಲಿಯಡ್ 15,693. ಪುಸ್ತಕದ ಆಸರೆಯಿಲ್ಲದೆ ಅಷ್ಟು ಹೇಳಿದ್ದು ಬೆರಗಿನ ಮಾತೇ. ಆದರೆ ಹೋಲಿಕೆ ಸಾಲಿನ ಲೆಕ್ಕ ದಾಟಿದರೆ ದಾರಿ ತಪ್ಪುತ್ತದೆ.

ಸಾಮ್ಯ ಇಲ್ಲವೆಂದಲ್ಲ. ಗ್ರೀಕರ ರಾಜ ಓಯಿನಿಯಸ್ ದೇವತೆ ಅರ್ತೆಮಿಸಳಿಗೆ ಸಲ್ಲಬೇಕಾದ ಬಲಿಯನ್ನು ಮರೆತ, ಹೊಲ ಹಾಳುಮಾಡುವ ಹಂದಿ ಬಂತು. ಸಿರಿಯ ಮಗಳು ಸೊನ್ನೆ ದೈವ ಬೆರ್ಮೆರಿಗೆ ಹೇಳಿಕೊಂಡ ಹರಕೆ ಮರೆತಳು, ಅವಳಿ ಮಕ್ಕಳು ಅಬ್ಬಗ ದಾರಗ ತೀರಿಹೋದರು. ಇಲ್ಲಿಯವರೆಗೆ ಒಂದೇ ಅಚ್ಚು.

ಮುಂದೆ ಹಾಗಲ್ಲ. ಚೆನ್ನೆಮಣೆ ಆಟದಲ್ಲಿ ಜಗಳವಾಗಿ ಅಬ್ಬಗ ಮಣೆಯಿಂದಲೇ ತಂಗಿಯನ್ನು ಹೊಡೆದು ಕೊಂದಳು, ಆಮೇಲೆ ತಾನೂ ಬಾವಿಗೆ ಹಾರಿದಳು. ರೋಮಿನ ಅವಳಿಗಳಲ್ಲಿ ರೋಮುಲಸ್ ತಮ್ಮ ರೀಮಸನನ್ನು ಕೊಂದು ಪಟ್ಟಣ ಕಟ್ಟಿ ಅದಕ್ಕೆ ತನ್ನ ಹೆಸರಿಟ್ಟ. ಒಡಹುಟ್ಟಿದವರ ರಕ್ತದ ಮೇಲೆ ರಾಜ್ಯ ಕಟ್ಟುವ ಆಸೆ ನಮ್ಮ ಪಾಡ್ದನಕ್ಕಿಲ್ಲ. ಅದು ಬಿಟ್ಟುಹೋದದ್ದು ಎಚ್ಚರಿಕೆಯನ್ನು: ಅಕ್ಕತಂಗಿಯರು ಎದುರುಬದುರು ಕೂತು ಚೆನ್ನೆಮಣೆ ಆಡಬಾರದೆಂದು ತುಳುವ ಮನೆಗಳಲ್ಲಿ ಹಿರಿಯರು ಇವತ್ತಿಗೂ ಗದರುತ್ತಾರೆ.

ಸಿರಿಯ ಬಾಳನ್ನೇ ನೋಡಿ. ಬಯಕೆ ಮದುವೆಗೆಂದು, ಅಂದರೆ ಸೀಮಂತಕ್ಕೆಂದು, ತಂದ ಸೀರೆಯನ್ನು ಗಂಡ ಕಾಂತು ಪೂಂಜ ಮೊದಲು ಸೂಳೆ ಸಿದ್ದುವಿಗೆ ಉಡಿಸಿದ. ಅದನ್ನು ಉಡಲೊಪ್ಪದ ಸಿರಿ ಮುಂದೆ ಆ ಗಂಡನನ್ನೇ ಬಿಟ್ಟಳು, ಕೊಡ್ಸರ ಆಳ್ವನನ್ನು ಮದುವೆಯಾದಳು. ಗ್ರೀಕರ ಪೆನೆಲೊಪೆ ಗಂಡನಿಗಾಗಿ ಇಪ್ಪತ್ತು ವರ್ಷ ಕಾದಳು. ಅವರದೇ ಮೆಡಿಯಾ ಕೈಬಿಟ್ಟ ಗಂಡನ ಮೇಲಿನ ಹಗೆ ತೀರಿಸಲು ಹೆತ್ತ ಮಕ್ಕಳನ್ನೇ ಕೊಂದಳು. ಬಿಟ್ಟು ನಡೆದು ಮತ್ತೊಂದು ಸಂಸಾರ ಹೂಡಿದ ಹೆಣ್ಣನ್ನು ಆ ಇಬ್ಬರ ಪಕ್ಕ ನಿಲ್ಲಿಸಿದರೆ ಅವಳ ಧೈರ್ಯವೇ ಮರೆಯಾಗುತ್ತದೆ.

ಸಿರಿ ಮುಗಿದ ಕಥೆಯೂ ಅಲ್ಲ. ಕವತ್ತಾರಿನಲ್ಲಿ, ಹಿರಿಯಡಕದಲ್ಲಿ, ನಿಡಿಗಲ್ಲಿನಲ್ಲಿ ಜಾತ್ರೆಯ ರಾತ್ರಿ ಹೆಂಗಸರು ಹಿಂಗಾರ ಹಿಡಿದು, ಮೈದುಂಬಿ, ಸಿರಿಯಾಗಿ ಮಾತಾಡುತ್ತಾರೆ. ಮನೆಯಲ್ಲಿ ನುಂಗಿಕೊಂಡ ಎಷ್ಟೋ ಸಂಕಟಕ್ಕೆ ಅಲ್ಲಿ ಬಾಯಿ ಬರುತ್ತದೆ. ಇದನ್ನು ಅಳೆಯುವ ಕೋಲು ಇಲಿಯಡ್‌ನಲ್ಲಿ ನನಗೆ ಕಂಡಿಲ್ಲ.

ಗೋಪಾಲ ನಾಯ್ಕರ ಪಾಠ 1998ರಲ್ಲಿ ಎರಡು ಸಂಪುಟಗಳಾಗಿ ಅಚ್ಚಾಗಿದೆ. ವೇದಿಕೆಯಲ್ಲಿ ಹೋಮರನ ಹೆಸರು ತೆಗೆಯುವ ಮೊದಲು ದಯವಿಟ್ಟು ಅದನ್ನೊಮ್ಮೆ ಓದಿ.