ಬಹುಮಾನ ಬಂದ ಕಥೆ, ಬಾರದ ಕಥೆ



ನಮ್ಮ ಸಂಘಗಳಲ್ಲಿ ವಿಮರ್ಶೆಯೆಂದರೆ ಮದುವೆಮನೆಯ ಊಟದ ಬಗ್ಗೆ ಮಾತಾಡಿದ ಹಾಗೆ. ಹುಳಿಗೆ ಉಪ್ಪು ಜಾಸ್ತಿಯಾಗಿದ್ದರೂ ಎಲ್ಲರೂ ಕೈ ತೊಳೆದುಕೊಂಡು "ಬಹಳ ಚೆನ್ನಾಗಿತ್ತು" ಎಂದು ಹೇಳಿ, ತಾಂಬೂಲ ತೆಗೆದುಕೊಂಡು ಹೊರಡುತ್ತಾರೆ. ಬಡಿಸಿದವರಿಗೂ ಸಂತೋಷ, ಉಂಡವರಿಗೂ ನಿರಾಳ. ಮುಂದಿನ ಮದುವೆಯಲ್ಲೂ ಉಪ್ಪು ಜಾಸ್ತಿಯೇ! ಈ ಸಲದ ಕಥಾಸ್ಪರ್ಧೆಯ ಮೂವರು ತೀರ್ಪುಗಾರರಲ್ಲಿ ನಾನೂ ಒಬ್ಬ. ಫಲಿತಾಂಶ ಪ್ರಕಟವಾಗಿದೆ, ವೇದಿಕೆಯ ಮೇಲೆ ಫಲಕಗಳನ್ನೂ ಕೊಟ್ಟಾಗಿದೆ. ಆದರೆ ಬಂದ ಕಥೆಗಳ ಬಗ್ಗೆ ಇದುವರೆಗೆ ಯಾರೂ ಒಂದು ಮಾತು ಬರೆದಿಲ್ಲ. ಆ ಕೆಲಸವನ್ನು ಇಲ್ಲಿ ಮಾಡುತ್ತಿದ್ದೇನೆ. ತೀರ್ಪುಗಾರರಿಗೆ ಹೆಸರು ತೆಗೆದೇ ಕಥೆಗಳನ್ನು ಕೊಟ್ಟಿದ್ದರು. ಆ ಮರ್ಯಾದೆ ಈ ಲೇಖನದಲ್ಲೂ ಉಳಿಯಲಿ.

ಕಥಾಸ್ಪರ್ಧೆ ಕನ್ನಡಿಗರಿಗೆ ಹೊಸದಲ್ಲ. ಪ್ರಜಾವಾಣಿಯ ದೀಪಾವಳಿ ವಿಶೇಷಾಂಕದ ಸ್ಪರ್ಧೆ ಹಲವು ದಶಕಗಳಿಂದ ನಡೆದುಬಂದಿದೆ. ಅದರಲ್ಲಿ ವಿದ್ಯಾರ್ಥಿಗಳಿಗೆಂದೇ ಬೇರೆ ಬಹುಮಾನವನ್ನೂ ಇಟ್ಟಿದ್ದರು. ಅಲ್ಲಿ ಬಹುಮಾನ ಪಡೆದವರಲ್ಲಿ ನನ್ನ ವೃತ್ತಿಯವರೇ ಆದ ಡಾ. ಬೆಸಗರಹಳ್ಳಿ ರಾಮಣ್ಣನವರೂ (1938-1998) ಒಬ್ಬರು. ಮಂಡ್ಯ ಸೀಮೆಯ ಸರ್ಕಾರಿ ವೈದ್ಯರಾಗಿದ್ದ ಅವರು 'ಗಾಂಧಿ' ಎಂಬ ಕಥೆಯಲ್ಲಿ ಆ ಹೆಸರಿನ ಹಳ್ಳಿ ಹುಡುಗನೊಬ್ಬನನ್ನು ಸರ್ಕಾರಿ ಆಸ್ಪತ್ರೆಗೆ ಕರೆತರುತ್ತಾರೆ. ಇಡೀ ವ್ಯವಸ್ಥೆಯ ಹುಳುಕು ಆ ಒಂದು ಹಾಸಿಗೆಯ ಸುತ್ತ ಕಾಣಿಸುತ್ತದೆ. ಅವರು ಬರೆದದ್ದು ದಿನವೂ ಕಣ್ಣಾರೆ ಕಂಡದ್ದನ್ನು, ತಮ್ಮ ಸೀಮೆಯ ಮಾತಿನಲ್ಲಿ. ಅಂಥ ಕಥೆಗೆ ಸ್ಪರ್ಧೆಯಿಂದ ಸಿಕ್ಕಿದ್ದು ಹಣ ಮಾತ್ರವಲ್ಲ. ಕಥೆ ಚಿತ್ರದೊಡನೆ ಅಚ್ಚಾಗಿ ಮನೆಮನೆಗೆ ಹೋಗುತ್ತಿತ್ತು, ಬಸ್ಸಿನಲ್ಲಿ, ಕಾಲೇಜಿನ ಕ್ಯಾಂಟೀನಿನಲ್ಲಿ ಜನ ಅದರ ಬಗ್ಗೆ ಜಗಳವಾಡುತ್ತಿದ್ದರು. ಸ್ಪರ್ಧೆ ಒಂದು ನೆಪ. ಓದುಗರೇ ನಿಜವಾದ ಬಹುಮಾನ.

ಈ ದೇಶದಲ್ಲೂ ಪ್ರಯತ್ನಗಳಿಗೆ ಕೊರತೆಯಿಲ್ಲ. ಹರಿಹರೇಶ್ವರ ದಂಪತಿಗಳು ಕ್ಯಾಲಿಫೋರ್ನಿಯಾದಿಂದ 'ಅಮೆರಿಕನ್ನಡ' ಪತ್ರಿಕೆ ಹೊರಡಿಸಿದರು. ಕನ್ನಡ ಸಾಹಿತ್ಯ ರಂಗ ಇಲ್ಲಿನ ಕಥೆಗಾರರ 'ಆಚೀಚೆಯ ಕಥೆಗಳು' ಸಂಕಲನವನ್ನು ತಂದಿತು, 2013ರಲ್ಲಿ ನಮ್ಮ ಹ್ಯೂಸ್ಟನ್ನಿನಲ್ಲೇ ಸಾಹಿತ್ಯೋತ್ಸವ ನಡೆಸಿತು. 2018ರಲ್ಲಿ ಡಲ್ಲಾಸ್‌ನಲ್ಲಿ ಅಕ್ಕ ಸಮ್ಮೇಳನವಾಯಿತು. ಇಷ್ಟಿದ್ದೂ ನಮ್ಮ ಸ್ಥಳೀಯ ಸ್ಪರ್ಧೆಯ ಕಥೆಗಳನ್ನು ಓದಿದವರು ಎಷ್ಟು ಜನ? ಮೂವರು ತೀರ್ಪುಗಾರರು, ಬರೆದವರ ಮನೆಯವರು, ಬಹುಮಾನ ಬಂದ ಕಥೆಯನ್ನು ಟೈಪು ಮಾಡಿದ ಪುಣ್ಯಾತ್ಮರು. ಮಿಕ್ಕ ಕಥೆಗಳು ಲಕೋಟೆಯಲ್ಲೇ ಮುಕ್ತಿ ಪಡೆಯುತ್ತವೆ.

ಈಗ ಕಥೆಗಳಿಗೆ ಬರೋಣ. ಸ್ಥೂಲವಾಗಿ ಹೇಳುವುದಾದರೆ ಬಂದವುಗಳಲ್ಲಿ ಹೆಚ್ಚಿನವು ಮೂರು ಜಾತಿಯವು. ಮೊದಲನೆಯದು ವಿಮಾನ ನಿಲ್ದಾಣದ ಕಥೆ: ಬೀಳ್ಕೊಡುಗೆ, ಕಣ್ಣೀರು, ಉಪ್ಪಿನಕಾಯಿ ಡಬ್ಬ, ಕಸ್ಟಮ್ಸ್ ಅಧಿಕಾರಿ. ಎರಡನೆಯದು ಮಧ್ಯರಾತ್ರಿಯ ಫೋನಿನ ಕಥೆ: ಊರಿನಲ್ಲಿ ಅಮ್ಮನಿಗೆ ಹುಷಾರಿಲ್ಲ, ಮಗ ಹೋಗುವಷ್ಟರಲ್ಲಿ ಎಲ್ಲ ಮುಗಿದಿದೆ. ಮೂರನೆಯದು ಒಂಟಿ ಗೃಹಿಣಿಯ ಕಥೆ: ದೊಡ್ಡ ಮನೆ, ಆಫೀಸಿನಲ್ಲೇ ಉಳಿಯುವ ಗಂಡ, ಕಿಟಕಿಯಾಚೆ ಹಿಮ. ನಮ್ಮ ಟೆಕ್ಸಾಸ್‌ನಲ್ಲಿ ಹಿಮ ಬೀಳುವುದೇ ಅಪರೂಪ. ಆ ಕಿಟಕಿಯ ಹಿಮ ಯಾವುದೋ ಸಿನಿಮಾದಿಂದ ಬಂದದ್ದು.

ಈ ವಸ್ತುಗಳು ಸುಳ್ಳೆಂದು ನಾನು ಹೇಳುತ್ತಿಲ್ಲ. ಮಧ್ಯರಾತ್ರಿಯ ಫೋನಿಗೆ ಹೆದರದ ಅನಿವಾಸಿ ಯಾರಿದ್ದಾರೆ? ತೊಂದರೆ ಎಂದರೆ, ಆ ಫೋನು ಬರುವ ಮೊದಲೇ ಓದುಗನಿಗೆ ಅದರ ಸದ್ದು ಕೇಳಿಸಿರುತ್ತದೆ. ನೋವು ಬರೆದವರದೇ ಆದರೂ, ಅದನ್ನು ಹೇಳುವ ಮಾತುಗಳನ್ನು ಸಾಲ ತಂದಿದ್ದಾರೆ.

ಮುಕ್ತಾಯದ ಬಗ್ಗೆಯೂ ಒಂದು ಮಾತು. ಕೊನೆಯ ಸಾಲಿನಲ್ಲಿ ಓದುಗನನ್ನು ಬೆಚ್ಚಿಬೀಳಿಸಬೇಕೆಂಬ ಹಟ ಅನೇಕ ಕಥೆಗಳಲ್ಲಿದೆ. ಇದರ ಗುರು ಓ. ಹೆನ್ರಿ, ನಮ್ಮ ಊರಿನವನೇ! ವಿಲಿಯಂ ಸಿಡ್ನಿ ಪೋರ್ಟರ್ ಎಂಬ ನಿಜನಾಮದ ಆತ 1882ರಲ್ಲಿ ಟೆಕ್ಸಾಸ್‌ಗೆ ಬಂದ, ಆಸ್ಟಿನ್ನಿನಲ್ಲಿ ನಕ್ಷೆ ಬರೆಯುವ ಕೆಲಸ, ಬ್ಯಾಂಕಿನ ಕೆಲಸ ಮಾಡಿದ, 1894ರಲ್ಲಿ 'ರೋಲಿಂಗ್ ಸ್ಟೋನ್' ಎಂಬ ಹಾಸ್ಯ ವಾರಪತ್ರಿಕೆ ಹೊರಡಿಸಿದ, ಆಮೇಲೆ ಹ್ಯೂಸ್ಟನ್ನಿನ 'ಪೋಸ್ಟ್' ಪತ್ರಿಕೆಗೆ ಬರೆದ. ಬ್ಯಾಂಕಿನ ಹಣದ ಮೊಕದ್ದಮೆಯಲ್ಲಿ 1898ರಲ್ಲಿ ಓಹಾಯೋದ ಜೈಲು ಸೇರಿದ, ಅಲ್ಲಿ ಔಷಧಾಲಯದಲ್ಲಿ ದುಡಿಯುತ್ತಾ ಕಥೆ ಬರೆದ. ಅವನ ಹೆಸರಿನ ವಾರ್ಷಿಕ ಕಥಾ ಬಹುಮಾನ 1919ರಿಂದ ಇದೆ. ಸ್ವಾರಸ್ಯವೆಂದರೆ, ಅವನು ವಾಸವಿದ್ದ ಆಸ್ಟಿನ್ನಿನ ಮನೆ ಈಗ ವಸ್ತುಸಂಗ್ರಹಾಲಯ, ಅವನ ಹೆಸರಿನಲ್ಲಿ ಇಲ್ಲಿ ನಡೆದುಬಂದಿರುವುದು ಶ್ಲೇಷೆಯ ಸ್ಪರ್ಧೆ. ಓ. ಹೆನ್ರಿಯ ತಿರುವು ಸುಮ್ಮನೆ ಬಂದದ್ದಲ್ಲ. ಬಾಡಿಗೆ ಕೋಣೆ, ವಾರದ ಸಂಬಳ, ಅಂಗಡಿ ಹುಡುಗಿಯ ಚಿಲ್ಲರೆ ಕಾಸು ಇವನ್ನೆಲ್ಲ ಎಣಿಸಿ ಇಟ್ಟ ಮೇಲೆ ಅವನು ಕಥೆಯನ್ನು ತಿರುಗಿಸುತ್ತಾನೆ. ನಮ್ಮ ಕಥೆಗಳಲ್ಲಿ ತಿರುವು ಇದೆ, ಚಿಲ್ಲರೆ ಕಾಸಿನ ಲೆಕ್ಕವಿಲ್ಲ.

ನಾವಿರುವ ಊರು ಕಥೆಗಳಲ್ಲಿ ಎಲ್ಲಿ? ಲಿಯಾಂಡರ್, ರೌಂಡ್ ರಾಕ್, ಪ್ಲೇನೋ, ಕೇಟಿಗಳಿಂದ ಬಂದ ಕಥೆಗಳ ಮೇಲಿನ ವಿಳಾಸ ಅಳಿಸಿದರೆ ಅವು ನ್ಯೂಜೆರ್ಸಿಯದೋ ದುಬೈಯದೋ ಹೇಳಲಾಗದು. ಚಳಿಗಾಲದಲ್ಲಿ ನಮ್ಮನ್ನೆಲ್ಲ ಮೂಗು ಒರೆಸಿಕೊಳ್ಳುವಂತೆ ಮಾಡುವ ಸೀಡರ್ ಪರಾಗ ಯಾವ ಕಥೆಯಲ್ಲೂ ಇಲ್ಲ. 2021ರ ಫೆಬ್ರವರಿಯ ಚಳಿಗೆ ಕರೆಂಟು ಹೋಗಿ, ನೀರಿನ ಪೈಪು ಒಡೆದು, ಲಕ್ಷಾಂತರ ಮನೆಗಳು ಹೆಪ್ಪುಗಟ್ಟಿದವು. ಟೆಕ್ಸಾಸ್‌ನಲ್ಲಿ ನಿಜವಾಗಿ ಹಿಮ ಬಿದ್ದ ಆ ವಾರದ ಬಗ್ಗೆ ಒಂದು ಪ್ಯಾರಾ ಕೂಡ ಇಲ್ಲ! 1980ರ ದಶಕದ ಆರಂಭದಲ್ಲಿ ನಮ್ಮ ಲಿಯಾಂಡರ್ ಬಳಿ ಸಾವಿರಾರು ವರ್ಷ ಹಿಂದಿನ ಹೆಂಗಸೊಬ್ಬಳ ಸಮಾಧಿ ಸಿಕ್ಕಿತು. ನಾವು ಗೃಹಪ್ರವೇಶ ಮಾಡುವ ನೆಲದಡಿ ಯಾರ ಮನೆಯಿತ್ತು ಎಂದು ಒಬ್ಬ ಕಥೆಗಾರನಿಗಾದರೂ ಅನ್ನಿಸಬೇಡವೇ? ವೈದ್ಯನಾಗಿ ನಾನು ಆಗಾಗ ಕಾಣುವ ಇನ್ನೊಂದು ಕಥೆಯೂ ಬಂದಿಲ್ಲ: ಆರು ತಿಂಗಳಿಗೆಂದು ಬಂದ ತಂದೆ ಎದೆನೋವನ್ನು ಎರಡು ದಿನ ಮುಚ್ಚಿಟ್ಟುಕೊಳ್ಳುತ್ತಾರೆ, ಏಕೆಂದರೆ ವಿಮೆಯ ಕಾಗದದಲ್ಲಿ ಏನಿದೆಯೆಂದು ಅವರಿಗೆ ಗೊತ್ತಿಲ್ಲ, ಮಗನನ್ನು ಕೇಳಲು ಸಂಕೋಚ.

ಇವೆಲ್ಲದರ ನಡುವೆ ಒಂದು ಕಥೆ ಬಂದಿತ್ತು: 'ಗಾರ್ಡಿಲ್ಲದ ರೈಲು'. ಬಹುಮಾನ ಬರಲಿಲ್ಲ. ಅರಸೀಕೆರೆಯಲ್ಲಿ ರೈಲ್ವೆ ಗಾರ್ಡ್ ಆಗಿದ್ದು ನಿವೃತ್ತರಾದ ಮಾವನವರು ಲಿಯಾಂಡರ್‌ನ ಮಗನ ಮನೆಗೆ ಬಂದಿದ್ದಾರೆ. ಸೊಸೆ ಕಥೆ ಹೇಳುತ್ತಾಳೆ. ಮಾವ ಸಂಜೆ ನಡೆದು ರೈಲ್ವೆ ನಿಲ್ದಾಣಕ್ಕೆ ಹೋಗುತ್ತಾರೆ. ಆಸ್ಟಿನ್ನಿನಿಂದ ಬರುವ ರೈಲಿಗೆ ಇದೇ ಕೊನೆಯ ನಿಲ್ದಾಣ. ಇಲ್ಲಿ ಇಂಜಿನ್ನನ್ನು ತಿರುಗಿಸುವುದಿಲ್ಲ; ಚಾಲಕ ಇಳಿದು ಇನ್ನೊಂದು ತುದಿಗೆ ಹೋಗಿ ಕೂರುತ್ತಾನೆ, ಹಿಂದಿದ್ದದ್ದೇ ಮುಂದಾಗುತ್ತದೆ. ಮಾವ ಗಾರ್ಡಿನ ಡಬ್ಬಿ ಹುಡುಕುತ್ತಾರೆ, ಸಿಗುವುದಿಲ್ಲ. ಒಂದು ರಾತ್ರಿ ಊಟಕ್ಕೆ ಕೂತಾಗ ಮಗನನ್ನು ಕೇಳುತ್ತಾರೆ: ಹಿಂದಿನ ಬೋಗಿಯಲ್ಲಿ ಏನಾದರೂ ಆದರೆ ನೋಡುವವರು ಯಾರು? ಮಗ ಆಫೀಸಿನ ಫೋನಿನಲ್ಲಿದ್ದಾನೆ. ಸೊಸೆ ಸಾರು ಬಡಿಸುತ್ತಾಳೆ. ಅಷ್ಟೇ ಕಥೆ.

ಇದರಲ್ಲಿ ಸಾವಿಲ್ಲ, ವಿಮಾನವಿಲ್ಲ, ತಿರುವಿಲ್ಲ. ಆದರೆ ಹಿಂದೆ ಉಳಿದವರನ್ನು ನೋಡುವವರು ಯಾರು ಎನ್ನುವ ನಮ್ಮೆಲ್ಲರ ಪ್ರಶ್ನೆಯನ್ನು ಈ ಕಥೆ ಒಂದು ರೈಲಿನ ಕೊನೆಗೆ ಕಟ್ಟಿಬಿಟ್ಟಿದೆ. ಅದು ಪ್ರಶ್ನೆಯೆಂದು ಮಾವನಿಗೇ ಗೊತ್ತಿಲ್ಲ. ಅವರು ರೈಲಿನ ಬಗ್ಗೆಯೇ ಕೇಳುತ್ತಿದ್ದಾರೆ. ಅದೇ ಕಥೆಯ ಗೆಲುವು. ದೋಷಗಳೂ ಇವೆ. ಅರಸೀಕೆರೆಯ ಗಾರ್ಡ್ ಆಕಾಶವಾಣಿಯ ವಾರ್ತೆ ಓದುವವರಂತೆ ಮಾತಾಡುತ್ತಾರೆ. ಸಾರು ಬಡಿಸಿದ ಮೇಲೆ ಲೇಖಕಿ ಇನ್ನೊಂದು ಪ್ಯಾರಾ ಸೇರಿಸಿ, ಹಿಂದಿನ ಬೋಗಿ ಎಂದರೆ ತಾಯ್ನಾಡು ಎಂದು ಬಿಡಿಸಿ ಹೇಳಿದ್ದಾರೆ. ಆ ಪ್ಯಾರಾ ಹೊಡೆದುಹಾಕಬೇಕು. ಓದುಗನನ್ನು ನಂಬಿದ ಕಥೆ ಕೊನೆಗೆ ನಂಬಿಕೆ ಕಳೆದುಕೊಂಡಂತೆ ಆಗಿದೆ.

ಈ ಕಥೆಗೆ ಬಹುಮಾನ ಏಕೆ ಬರಲಿಲ್ಲ? ಜೊತೆಯ ತೀರ್ಪುಗಾರರು ಇಬ್ಬರೂ ನನಗಿಂತ ಹೆಚ್ಚು ಓದಿದವರು, ಅವರ ಮೇಲೆ ನನ್ನ ದೂರಿಲ್ಲ. ದೂರು ಇರುವುದು ಲೆಕ್ಕದ ಮೇಲೆ. ವಸ್ತುವಿಗೆ ಇಷ್ಟು, ಭಾಷೆಗೆ ಇಷ್ಟು, ಮುಕ್ತಾಯಕ್ಕೆ ಇಷ್ಟು ಎಂದು ಅಂಕ ಹಾಕಿ ಕೂಡಿಸುವ ಪದ್ಧತಿ ನಮ್ಮದು. ಉದಾಹರಣೆಗೆ, ಒಂದು ಕಥೆಗೆ ಮೂವರೂ 7 ಕೊಟ್ಟರೆ 21. ಇನ್ನೊಂದಕ್ಕೆ ಒಬ್ಬರು 10, ಉಳಿದವರು 5 ಮತ್ತು 4 ಕೊಟ್ಟರೆ 19. ಯಾರಿಗೂ ಬೇಸರ ತರದ, ಯಾರ ನಿದ್ದೆಯನ್ನೂ ಕೆಡಿಸದ ಕಥೆ ಗೆಲ್ಲುತ್ತದೆ. ಒಂದೇ ಸ್ಲೈಡನ್ನು ನೋಡಿದ ಇಬ್ಬರು ಪೆಥಾಲಜಿಸ್ಟರು ಭಿನ್ನ ಅಭಿಪ್ರಾಯ ಕೊಟ್ಟರೆ ನಾವು ಎರಡನ್ನೂ ಕೂಡಿಸಿ ಭಾಗಿಸುವುದಿಲ್ಲ. ಇಬ್ಬರನ್ನೂ ಒಂದೇ ಸೂಕ್ಷ್ಮದರ್ಶಕದ ಮುಂದೆ ಕೂರಿಸುತ್ತೇವೆ. ಭಿನ್ನಾಭಿಪ್ರಾಯವಿರುವಲ್ಲೇ ನೋಡಬೇಕಾದ್ದು ಇರುತ್ತದೆ.

ಇದು ಬರೀ ಲೆಕ್ಕಾಚಾರದ ಮಾತಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಫಲಿತಾಂಶ ತಿಳಿಸಲು ಫೋನ್ ಮಾಡಿದ ಸಮಿತಿಯವರಿಗೆ 'ಗಾರ್ಡಿಲ್ಲದ ರೈಲು' ಬರೆದಾಕೆ "ಇದೇ ಮೊದಲು, ಇದೇ ಕೊನೆ" ಎಂದರಂತೆ. ಅವರು ಕೇಳಿದ್ದು ಬಹುಮಾನವನ್ನಲ್ಲ, ಕಥೆ ಹೇಗಿತ್ತೆಂದು. ಹೇಳಲು ಸಮಿತಿಯವರ ಬಳಿ ಅಂಕವೊಂದಿತ್ತು, ಅಭಿಪ್ರಾಯವಿರಲಿಲ್ಲ. ನಮ್ಮ ಮಕ್ಕಳಲ್ಲಿ ಕನ್ನಡ ಮಾತಾಡುವವರಿದ್ದಾರೆ, ಓದುವವರು ಕಡಿಮೆ, ಬರೆಯುವವರು ಇನ್ನೂ ಕಡಿಮೆ. ಇಂಥಲ್ಲಿ ಬರೆಯಬಲ್ಲ ಒಬ್ಬರನ್ನು ಒಂದು ಫೋನಿನಲ್ಲಿ ಕಳೆದುಕೊಳ್ಳುವಷ್ಟು ನಾವು ಶ್ರೀಮಂತರಲ್ಲ.

ಆದ್ದರಿಂದ ಸಮಿತಿಯ ಮುಂದೆ ನಾಲ್ಕು ಸಲಹೆಗಳನ್ನು ಇಡುತ್ತೇನೆ. ಒಂದು, ಅಂಕ ಬಿಡೋಣ. ಪ್ರತಿ ತೀರ್ಪುಗಾರರೂ ತಮಗೆ ಹಿಡಿಸಿದ ಒಂದು ಕಥೆಯನ್ನು ಆರಿಸಿ, ಏಕೆ ಎಂದು ಅರ್ಧ ಪುಟ ಬರೆಯಲಿ. ಮೂವರು ಮೂರು ಕಥೆ ಆರಿಸಿದರೆ ಮೂರು ಬಹುಮಾನ. ಎರಡು, ಬರೆದ ಪ್ರತಿಯೊಬ್ಬರಿಗೂ ನಾಲ್ಕು ಸಾಲಿನ ಪ್ರಾಮಾಣಿಕ ಅಭಿಪ್ರಾಯ ಹೋಗಲಿ. ಹೊಗಳಿಕೆ ಬೇಡ, ಎಲ್ಲಿ ಕಥೆ ಜೀವಂತವಾಗಿದೆ, ಎಲ್ಲಿ ಇಲ್ಲ ಎಂದು ಹೇಳಿದರೆ ಸಾಕು. ಮೂರು, ಒಪ್ಪಿದವರ ಎಲ್ಲ ಕಥೆಗಳನ್ನೂ ಜೆರಾಕ್ಸ್ ಮಾಡಿ ಹಂಚಿ, ತಿಂಗಳಿಗೊಂದು ಶನಿವಾರ ಯಾರದಾದರೂ ಮನೆಯಲ್ಲಿ ಕೂತು ಓದೋಣ. ಆಸ್ಪತ್ರೆಗಳಲ್ಲಿ ನಾವು ಮಾರ್ಬಿಡಿಟಿ ಅಂಡ್ ಮಾರ್ಟಾಲಿಟಿ ಕಾನ್ಫರೆನ್ಸ್ ಎಂದು ಮಾಡುತ್ತೇವೆ. ಏನು ತಪ್ಪಾಯಿತು ಎಂದು ಅಲ್ಲಿ ಕೇಳುತ್ತೇವೆಯೇ ಹೊರತು ಯಾರು ದಡ್ಡರು ಎಂದು ಕೇಳುವುದಿಲ್ಲ. ಕಥೆಗೂ ಅದೇ ನಿಯಮವಿರಲಿ. ನಾಲ್ಕು, 'ತಾಯ್ನಾಡಿನ ನೆನಪು' ಎಂಬಂಥ ವಿಷಯ ಕೊಡುವುದನ್ನು ನಿಲ್ಲಿಸೋಣ. ಕೊಟ್ಟರೆ ವಿಮಾನ ನಿಲ್ದಾಣದ ಕಥೆಯೇ ಬರುತ್ತದೆ. ಪುಟದ ಮಿತಿ ಮಾತ್ರ ಇರಲಿ. ಚೆಕಾಫ್ ವೈದ್ಯಕೀಯ ಓದುತ್ತಿದ್ದಾಗ ಹಾಸ್ಯಪತ್ರಿಕೆಗೆ ಸುಮಾರು 100 ಸಾಲಿನ ಮಿತಿಯಲ್ಲಿ ಬರೆದ. ಮಿತಿ ಅವನಿಗೆ ಕೆಡುಕು ಮಾಡಲಿಲ್ಲ.

ಸ್ಪರ್ಧೆಯನ್ನೇ ನಿಲ್ಲಿಸಿ ಎನ್ನುವವರೂ ನಮ್ಮಲ್ಲಿದ್ದಾರೆ. ನಾನು ಒಪ್ಪುವುದಿಲ್ಲ. ಕೊನೆಯ ದಿನಾಂಕವೊಂದು ಇಲ್ಲದಿದ್ದರೆ ಕೆಲಸ, ಮಕ್ಕಳ ಈಜಿನ ಕ್ಲಾಸು, ಭರತನಾಟ್ಯದ ನಡುವೆ ಯಾರೂ ಪೆನ್ನು ಹಿಡಿಯುವುದಿಲ್ಲ. 'ಗಾರ್ಡಿಲ್ಲದ ರೈಲು' ಹುಟ್ಟಿದ್ದೂ ಸ್ಪರ್ಧೆಯ ಪ್ರಕಟಣೆ ನೋಡಿಯೇ. ಸ್ಪರ್ಧೆ ಕಥೆಯನ್ನು ಹೊರಗೆ ಕರೆಯುತ್ತದೆ. ಬಂದ ಕಥೆಯನ್ನು ಕೂರಿಸಿ ಮಾತಾಡಿಸುವುದು ನಮ್ಮ ಜವಾಬ್ದಾರಿ. ಮುಂದಿನ ಸ್ಪರ್ಧೆಯ ಪ್ರಕಟಣೆ ಹೊರಡುವ ಮೊದಲು ಸಮಿತಿಯವರು ಈ ಸಲಹೆಗಳನ್ನು ಚರ್ಚಿಸಲಿ. ನನ್ನ ಮಾತನ್ನು ಒಪ್ಪದವರು ದಯವಿಟ್ಟು ಸಂಪಾದಕರಿಗೆ ಬರೆಯಿರಿ. "ಲೇಖನ ಚೆನ್ನಾಗಿತ್ತು" ಎಂದು ಮಾತ್ರ ಬರೆಯಬೇಡಿ.

ಸಿರಿಗನ್ನಡಂ ಗೆಲ್ಗೆ.